ಬಸುರಿಯ ಫೋಟೋಶೂಟ್‌ಗೆ ಸಿದ್ಧತೆ: ಆನೆಗೊಂದಿಗೆ ಹೋಗುವುದೋ, ಮನೆಯಲ್ಲಿಯೇ ತೆಗೆಸುವುದೋ?

ಭಾಗ್ಯನಗರದವಳು (ಕೊಪ್ಪಳ)

ಎಲ್ಲರಿಗೂ ನಮಸ್ಕಾರ. ನನಗೆ ಈಗ 25ನೆಯ ವಾರ ನಡೆಯುತ್ತಿದೆ, ಇದು ಚೊಚ್ಚಲು. ಮಾರ್ಚ್ ಮೊದಲ ಭಾಗದಲ್ಲಿ ತವರಿನವರು ಏಳನೆಯ ತಿಂಗಳ ಕುಬುಸದ (ಸೀಮಂತದ) ಕಾರ್ಯ ಇಟ್ಟುಕೊಂಡಿದ್ದಾರೆ. ಅದರ ಹಿಂದುಮುಂದಿನ ದಿನಗಳಲ್ಲಿ ಒಂದು ಫೋಟೋಶೂಟ್ ಮಾಡಿಸಬೇಕೆಂದು ನಾನೂ ನಮ್ಮ ಮನೆಯವರೂ ನಿರ್ಧರಿಸಿದ್ದೇವೆ. ಆನೆಗೊಂದಿಯ ಬಂಡೆಗಳ ನಡುವೆ, ಹೊಳೆಯ ದಂಡೆಯಲ್ಲಿ ತೆಗೆಸಬೇಕೆಂಬುದು ಅವರ ಬಹಳ ದಿನಗಳ ಆಸೆ. ನನಗೆ ಇಷ್ಟು ದೂರ ಕಾರಿನಲ್ಲಿ ಕುಳಿತು ಹೋಗಿ, ಬಿಸಿಲಿನಲ್ಲಿ ನಿಂತು, ಮತ್ತೆ ಮರಳಿ ಬರುವುದು ಆದೀತೇ ಎಂಬ ಅಳುಕು ಇದೆ. ಅತ್ತೆಯವರ ಚಿಂತೆಯೇ ಬೇರೆ. ಹೊಟ್ಟೆಯನ್ನು ಊರಿಗೆಲ್ಲ ತೋರಿಸಿದರೆ ದೃಷ್ಟಿಯಾಗುತ್ತದೆ ಎಂದು ಅವರು ಎರಡು ದಿನಗಳಿಂದ ಹೇಳುತ್ತಲೇ ಇದ್ದಾರೆ.

ಯಾವ ವಾರದಲ್ಲಿ ತೆಗೆಸುವುದು ಒಳ್ಳೆಯದು, ಎಲ್ಲಿ ತೆಗೆಸಬೇಕು, ಏನು ಉಡಬೇಕು, ಫೋಟೋಗ್ರಾಫರ್ ಜೊತೆ ಮೊದಲೇ ಏನೇನು ಮಾತಾಡಿಕೊಳ್ಳಬೇಕು ಎಂಬುದನ್ನು ನಮ್ಮ ಭಾಗದಲ್ಲಿ ಮಾಡಿಸಿದ ಅನುಭವ ಇರುವವರು ದಯವಿಟ್ಟು ತಿಳಿಸಬೇಕು.

ಗಂಗಾವತಿಯ ಛಾಯಾಗ್ರಾಹಕ

ನಮಸ್ಕಾರ ತಂಗಿ. 28ರಿಂದ 34ನೆಯ ವಾರದ ನಡುವೆ ತೆಗೆಸುವುದು ಸೂಕ್ತ. ಅದಕ್ಕಿಂತ ಮೊದಲು ಹೊಟ್ಟೆಯ ದುಂಡುತನ ಚಿತ್ರದಲ್ಲಿ ಸರಿಯಾಗಿ ಕಾಣುವುದಿಲ್ಲ, ಅದು ಕಳೆದ ಮೇಲೆ ನಿಲ್ಲುವುದು, ತಿರುಗುವುದು, ಬಟ್ಟೆ ಬದಲಿಸುವುದು ಎಲ್ಲವೂ ಕಷ್ಟವಾಗುತ್ತದೆ. ಅವಳಿ ಇದ್ದರೆ ಇನ್ನೂ ಬೇಗ, 24ರಿಂದ 28ರೊಳಗೆ ಮುಗಿಸುವುದು ವಾಸಿ. ನಿಮ್ಮ ಲೆಕ್ಕದಲ್ಲಿ ಮಾರ್ಚ್ ಮೊದಲ ಭಾಗವೇ ಸರಿಯಾಗಿ ಬರುತ್ತದೆ. ಏಪ್ರಿಲ್‌ವರೆಗೆ ಮುಂದೂಡಬೇಡಿ. ಆಗ ನಮ್ಮ ಗುಡ್ಡಗಳ ಕಲ್ಲು ಬೆಳಗಿನ ಒಂಬತ್ತು ಗಂಟೆಗೇ ಕೈ ಇಡಲಾಗದಷ್ಟು ಕಾಯುತ್ತದೆ.

ಹೊರಗಡೆ ತೆಗೆಸುವುದಾದರೆ ಬೆಳಗಿನ ಹೊತ್ತೇ ಆಗಬೇಕು. ಆ ದಿನಗಳಲ್ಲಿ ಸೂರ್ಯ ಆರೂವರೆಯ ಸುಮಾರಿಗೆ ಮೂಡುತ್ತಾನೆ. ಅಲ್ಲಿಂದ ಒಂದು ಗಂಟೆಯವರೆಗೆ ಬೆಳಕು ಅಡ್ಡಲಾಗಿ, ಮೆತ್ತಗೆ ಬೀಳುತ್ತದೆ. ಹೊಟ್ಟೆಯ ಆಕಾರವನ್ನು ತೋರಿಸುವುದು ಈ ಅಡ್ಡ ಬೆಳಕೇ. ಮಧ್ಯಾಹ್ನದ ನೆತ್ತಿಯ ಬೆಳಕಿನಲ್ಲಿ ಕಣ್ಣಿನ ಕೆಳಗೆ ನೆರಳು ಬಿದ್ದು ಮುಖ ಸೋತಂತೆ ಕಾಣುತ್ತದೆ, ಹೊಟ್ಟೆಯೂ ಚಪ್ಪಟೆಯಾಗಿ ಬರುತ್ತದೆ.

ಮನೆಯಲ್ಲಿ ತೆಗೆಸುವುದನ್ನು ಕಡಿಮೆ ಎಂದು ತಿಳಿಯಬೇಡಿ. ಮೂಡಲ ದಿಕ್ಕಿನ ಒಂದು ದೊಡ್ಡ ಕಿಟಕಿ, ಅದಕ್ಕೊಂದು ತೆಳುವಾದ ಬಿಳಿ ಪರದೆ, ಎದುರಿಗೆ ಸಾದಾ ಬಣ್ಣದ ಗೋಡೆ ಇದ್ದರೆ ಸಾಕು. ಟ್ಯೂಬ್‌ಲೈಟ್ ಆರಿಸಿಬಿಡಬೇಕು. ಕಿಟಕಿಯ ಬೆಳಕೂ ದೀಪದ ಬೆಳಕೂ ಕೂಡಿದರೆ ಮೈಬಣ್ಣ ಒಂದು ಕಡೆ ಹಳದಿ, ಇನ್ನೊಂದು ಕಡೆ ನೀಲಿಯಾಗಿ ಬರುತ್ತದೆ.

ರಾಯಚೂರಿನ ಶುಶ್ರೂಷಕಿ

ಸ್ಥಳ ಮತ್ತು ಬೆಳಕಿನ ಮಾತಿಗಿಂತ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಮುಂದಿನ ತಪಾಸಣೆಗೆ ಹೋದಾಗ ನಿಮ್ಮ ವೈದ್ಯರಿಗೆ ವಿಷಯ ತಿಳಿಸಿ ಒಪ್ಪಿಗೆ ಕೇಳಿ. ರಕ್ತದೊತ್ತಡ ಹೆಚ್ಚಾಗಿದ್ದರೆ, ಮಾಸು ಕೆಳಗೆ ಕುಳಿತಿದೆ ಎಂದು ಸ್ಕ್ಯಾನ್‌ನಲ್ಲಿ ಬಂದಿದ್ದರೆ, ಒಮ್ಮೆಯಾದರೂ ರಕ್ತಸ್ರಾವ ಆಗಿದ್ದರೆ, ಅವಧಿಗೆ ಮೊದಲೇ ನೋವು ಬರುವ ಸೂಚನೆ ಇದ್ದರೆ ದೂರದ ಪ್ರಯಾಣದ ಮಾತೇ ಬೇಡ. ಹಿಮೋಗ್ಲೋಬಿನ್ ಎಷ್ಟಿದೆ ಎಂಬುದನ್ನೂ ತಪಾಸಣೆಯ ವಿವರ ಬರೆಯುವ ತಾಯಿ ಕಾರ್ಡಿನಲ್ಲಿ ನೋಡಿಕೊಳ್ಳಿ. ಬಸುರಿಯರಲ್ಲಿ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದೇ ಲೆಕ್ಕ. ಅಂಥವರು ಬಹಳ ಹೊತ್ತು ನಿಂತರೆ ತಲೆ ಸುತ್ತಿ ಬೀಳುವ ಸಂಭವ ಹೆಚ್ಚು.

ಛಾಯಾಗ್ರಾಹಕ ಅಣ್ಣಾವರಿಗೂ ಒಂದು ವಿನಂತಿ. ಅಂಗಾತ ಮಲಗಿಸಿ ಮೇಲಿನಿಂದ ಚಿತ್ರ ತೆಗೆಯುವ ಪದ್ಧತಿ ಈಗ ಬಹಳ ನಡೆದಿದೆ. ಐದು ತಿಂಗಳು ಕಳೆದ ಮೇಲೆ ಅಂಗಾತ ಮಲಗಿದರೆ ತುಂಬಿದ ಗರ್ಭಕೋಶವು ಬೆನ್ನುಮೂಳೆಯ ಪಕ್ಕದಲ್ಲಿರುವ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ, ಒತ್ತಡ ಇಳಿದು, ತಾಯಿಗೆ ಬೆವರು, ವಾಕರಿಕೆ, ಕಣ್ಣು ಕತ್ತಲೆ ಬರಬಹುದು, ಮಗುವಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ಮಲಗಿದ ಚಿತ್ರ ಬೇಕೇ ಬೇಕೆಂದರೆ ಎಡ ಮಗ್ಗುಲಿಗೆ ಮಲಗಿಸಿ, ಬೆನ್ನಿಗೆ ದಿಂಬು ಕೊಟ್ಟು, ಬೇಗನೆ ತೆಗೆದು ಎಬ್ಬಿಸಿ.

ಗಂಗಾವತಿಯ ಛಾಯಾಗ್ರಾಹಕ

ಒಪ್ಪುತ್ತೇನೆ ಮೇಡಂ. ನಾನು ಬೆನ್ನಿಗೆ ಒರಗಿಕೊಳ್ಳಲು ಏನಾದರೂ ಇರುವಂತೆ ಕೂರಿಸಿಯೇ ಹೆಚ್ಚು ಚಿತ್ರ ತೆಗೆಯುತ್ತೇನೆ. ಕ್ಯಾಮೆರಾಕ್ಕೆ ಪೂರ್ತಿ ಎದುರಾಗಿ ನಿಲ್ಲದೆ ಸ್ವಲ್ಪ ಓರೆಯಾಗಿ ತಿರುಗಿ, ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಕೈ ಕೆಳಗೆ ಇಟ್ಟರೆ ಆಕಾರ ತಾನಾಗಿಯೇ ಚೆನ್ನಾಗಿ ಬರುತ್ತದೆ. ಅದಕ್ಕಾಗಿ ಯಾರನ್ನೂ ಬಂಡೆಯ ಮೇಲೆ ಮಲಗಿಸುವ ಅಗತ್ಯವಿಲ್ಲ.

ಮಾನ್ವಿಯ ಶಿಕ್ಷಕ

ನನ್ನ ಅಭಿಪ್ರಾಯ ಹಲವರಿಗೆ ಹಿಡಿಸಲಿಕ್ಕಿಲ್ಲ, ಆದರೂ ಹೇಳುತ್ತೇನೆ. ಇದೆಲ್ಲ ಹಣವುಳ್ಳವರನ್ನು ನೋಡಿ ನಾವು ಕಲಿತ ಹವ್ಯಾಸ. ಹೆರಿಗೆಯ ಖರ್ಚು, ಬಾಣಂತನದ ಖರ್ಚು, ಕೂಸಿನ ಖರ್ಚು ಎದುರಿಗೇ ನಿಂತಿರುವಾಗ ಒಂದು ಬೆಳಗಿನ ಚಿತ್ರಕ್ಕೆ ಅಷ್ಟೊಂದು ಹಣ ಸುರಿಯಬೇಕೇ? ಕುಬುಸದ ದಿನ ಮನೆಯವರು ಮೊಬೈಲಿನಲ್ಲಿ ತೆಗೆದ ಚಿತ್ರ ಸಾಲದೇ?

ಬಳ್ಳಾರಿಯ ಕೌಲ್ ಬಜಾರಿನ ತಾಯಿ

ಸರ್, ಖರ್ಚಿನ ಮಾತು ಸರಿ, ಆದರೆ ಹವ್ಯಾಸ ಎಂದು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ತಾಯಿಯವರು ಐದು ಮಕ್ಕಳನ್ನು ಹೆತ್ತರು. ಅವರು ಬಸುರಿಯಾಗಿದ್ದಾಗಿನ ಒಂದೇ ಒಂದು ಚಿತ್ರ ನಮ್ಮ ಮನೆಯಲ್ಲಿಲ್ಲ. ಮದುವೆಯ ಚಿತ್ರವಿದೆ, ನಮ್ಮ ನಾಮಕರಣದ ಚಿತ್ರಗಳಿವೆ, ನಡುವಿನ ಆ ತಿಂಗಳುಗಳು ಮಾತ್ರ ಎಲ್ಲಿಯೂ ಇಲ್ಲ. ಕುಬುಸದ ದಿನದ ಮೊಬೈಲ್ ಚಿತ್ರಗಳಲ್ಲಿ ಬಸುರಿ ಯಾವಾಗಲೂ ಹತ್ತು ಜನರ ನಡುವೆ ಕುಳಿತಿರುತ್ತಾಳೆ, ಆರತಿ ತಟ್ಟೆ ಮುಖಕ್ಕೆ ಅಡ್ಡ ಬಂದಿರುತ್ತದೆ. ಅವಳೊಬ್ಬಳೇ, ಸಮಾಧಾನವಾಗಿ, ತನ್ನ ಹೊಟ್ಟೆಯ ಮೇಲೆ ಕೈ ಇಟ್ಟು ನಿಂತ ಒಂದು ಚಿತ್ರವನ್ನು ಬಯಸಿದರೆ ಅದು ಅತಿಯಾಸೆ ಆಗುವುದಿಲ್ಲ.

ತಂಗಿ, ನನ್ನ ಅನುಭವದಿಂದ ಒಂದು ಎಚ್ಚರಿಕೆ ಹೇಳಬೇಕು. ನನ್ನ ಚಿತ್ರಗಳನ್ನು ತೆಗೆದ ಸ್ಟುಡಿಯೋದವರು ನನ್ನನ್ನು ಕೇಳದೆ ತಮ್ಮ ಇನ್‌ಸ್ಟಾಗ್ರಾಂ ಪುಟದಲ್ಲಿ ಹಾಕಿಬಿಟ್ಟಿದ್ದರು. ನಮ್ಮ ಮಾವನವರಿಗೆ ಆ ಚಿತ್ರವನ್ನು ಅವರ ಗೆಳೆಯರೊಬ್ಬರು ತೋರಿಸಿದರು. ಮನೆಯಲ್ಲಿ ನಡೆದ ಮಾತುಗಳನ್ನು ಇಲ್ಲಿ ಬರೆಯಲಾರೆ. ಮುಂಗಡ ಕೊಡುವ ಮೊದಲೇ ಬರವಣಿಗೆಯಲ್ಲಿ ಪಡೆದುಕೊಳ್ಳಿ: ಯಾವ ಚಿತ್ರವನ್ನೂ ನಮ್ಮ ಒಪ್ಪಿಗೆ ಇಲ್ಲದೆ ಪ್ರಚಾರಕ್ಕೆ ಬಳಸಬಾರದು, ಎಷ್ಟು ಚಿತ್ರ ತಿದ್ದಿ ಕೊಡುತ್ತಾರೆ, ಮೂಲ ಚಿತ್ರಗಳನ್ನು ಕೊಡುತ್ತಾರೋ ಇಲ್ಲವೋ, ಆಸ್ಪತ್ರೆಗೆ ಹೋಗಬೇಕಾಗಿ ಬಂದು ದಿನ ಮುಂದೂಡಿದರೆ ಮುಂಗಡ ಏನಾಗುತ್ತದೆ, ಇಷ್ಟೂ ಅದರಲ್ಲಿರಬೇಕು.

ಮಾನ್ವಿಯ ಶಿಕ್ಷಕ

ನಡುವಿನ ತಿಂಗಳುಗಳು ಎಲ್ಲಿಯೂ ಇಲ್ಲ ಎಂಬ ನಿಮ್ಮ ಮಾತಿಗೆ ಬೆಲೆ ಕೊಡುತ್ತೇನೆ ಅಕ್ಕಾವರೆ. ನನ್ನ ತಕರಾರು ಸಾಲ ಮಾಡಿ ಮಾಡಿಸುವವರ ಬಗ್ಗೆ ಮಾತ್ರ. ಮನೆಯಲ್ಲಿಯೇ ಸರಳವಾಗಿ ಮಾಡಿಸುವುದಾದರೆ ನನ್ನ ವಿರೋಧವಿಲ್ಲ.

ಕುಷ್ಟಗಿಯ ಹಿರಿಯಳು

ಮಗಳೇ, ನಿನ್ನ ಅತ್ತೆಯ ಮಾತನ್ನು ಹಳೆಯ ಕಾಲದ್ದೆಂದು ಬದಿಗೆ ಸರಿಸಬೇಡ. ದೃಷ್ಟಿ ಎಂಬ ಮಾತಿನ ಹಿಂದೆ ಅವಳ ಅಂಜಿಕೆ ಇರುತ್ತದೆ. ನಮ್ಮ ಕಾಲದಲ್ಲಿ ಎಷ್ಟೋ ಬಸುರಿಯರು ಹೆರಿಗೆಯವರೆಗೆ ತಲುಪಲಿಲ್ಲ, ಎಷ್ಟೋ ಕೂಸುಗಳು ಉಳಿಯಲಿಲ್ಲ. ಅದನ್ನು ಕಣ್ಣಾರೆ ಕಂಡವರು ಕೂಸು ಕೈಗೆ ಬರುವವರೆಗೆ ಸಂತೋಷವನ್ನು ಗಟ್ಟಿಯಾಗಿ ಹೇಳಿಕೊಳ್ಳುವುದಿಲ್ಲ. ಆದ್ದರಿಂದ ಅವಳನ್ನು ದೂರ ಇಟ್ಟು ಮಾಡಬೇಡ, ಜೊತೆಗೆ ಕರೆದುಕೋ. ಚಿತ್ರ ತೆಗೆಸುವ ದಿನ ಅವಳ ಕೈಯಿಂದಲೇ ಹಸಿರು ಬಳೆ ಇಡಿಸಿಕೋ, ಕಾಡಿಗೆಯ ಬೊಟ್ಟು ಇಡಿಸಿಕೋ, ಮುಗಿದ ಮೇಲೆ ಉಪ್ಪು ಮೆಣಸಿನಕಾಯಿ ಇಳಿಸಲಿ. ಅವಳಿಗೆ ಸಮಾಧಾನ, ನಿನಗೂ ಏನೂ ನಷ್ಟವಿಲ್ಲ.

ತೆಗೆಸಿದ ಚಿತ್ರಗಳನ್ನು ಕೂಸನ್ನು ತೊಟ್ಟಿಲಿಗೆ ಹಾಕುವ ದಿನದವರೆಗೆ ಹೊರಗಿನವರಿಗೆ ತೋರಿಸುವುದಿಲ್ಲ ಎಂದು ಮಾತು ಕೊಟ್ಟು ನೋಡು. ಬಹುಶಃ ಅವಳೇ ಮುಂದೆ ನಿಂತು ಮಾಡಿಸುತ್ತಾಳೆ.

ಭಾಗ್ಯನಗರದವಳು (ಕೊಪ್ಪಳ)

ಅಮ್ಮಾವರೆ, ನಿಮ್ಮ ಮಾತು ಓದಿ ಕಣ್ಣು ತುಂಬಿತು. ನಮ್ಮ ಅತ್ತೆಯವರಿಗೂ ಮೊದಲ ಕೂಸು ಉಳಿದಿರಲಿಲ್ಲ. ಈ ದಿಕ್ಕಿನಿಂದ ನಾನು ಯೋಚಿಸಿಯೇ ಇರಲಿಲ್ಲ. ಇಂದು ಸಂಜೆ ಅವರ ಜೊತೆ ಕುಳಿತು ಮಾತಾಡುತ್ತೇನೆ.

ಕುಕನೂರಿನ ಇತಿಹಾಸ ಶಿಕ್ಷಕ

ಸ್ಥಳದ ಬಗ್ಗೆ ಹೇಳಬೇಕೆಂದರೆ, ಹಂಪಿ ಮತ್ತು ಆನೆಗೊಂದಿಯಲ್ಲಿ ಸಂರಕ್ಷಿತ ಸ್ಮಾರಕಗಳು ಬಹಳ ಇವೆ. ಹಂಪಿ 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ತಾಣ. ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ ನಾವು ನಮ್ಮ ನೆನಪಿಗೆ ಕೈ ಕ್ಯಾಮೆರಾದಲ್ಲಿ ಚಿತ್ರ ತೆಗೆದುಕೊಳ್ಳುವುದು ಬೇರೆ, ಟ್ರೈಪಾಡ್ ಊರಿ, ದೀಪ ಹಿಡಿದು, ಬಟ್ಟೆ ಬದಲಿಸುತ್ತ ಶೂಟ್ ನಡೆಸುವುದು ಬೇರೆ. ಎರಡನೆಯದಕ್ಕೆ ಪೂರ್ವಾನುಮತಿ ಬೇಕು, ಡ್ರೋನ್ ಹಾರಿಸಲು ಪ್ರತ್ಯೇಕ ಅನುಮತಿ ಬೇಕು. ಅದಿಲ್ಲದೆ ಹೋದರೆ ಕಾವಲುಗಾರರು ತಡೆಯುತ್ತಾರೆ, ಬಸುರಿ ಹೆಂಗಸು ಬಿಸಿಲಿನಲ್ಲಿ ನಿಂತಿರುವಾಗ ಅಲ್ಲಿ ವಾದ ಶುರುವಾಗುತ್ತದೆ.

ದೂರ ಹೋಗಲು ಮನಸ್ಸಿಲ್ಲದಿದ್ದರೆ ನಮ್ಮ ಇಟಗಿಯ ಮಹಾದೇವ ದೇವಾಲಯವನ್ನು ಒಮ್ಮೆ ನೆನಪಿಸಿಕೊಳ್ಳಿ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಗುಡಿ ಇದು. ಅಲ್ಲಿನ ಶಾಸನವು ಇದನ್ನು ದೇವಾಲಯಗಳ ಚಕ್ರವರ್ತಿ ಎಂದು ಹೊಗಳಿದೆ. ಹಂಪಿಯಂತೆ ಜನಜಂಗುಳಿ ಇಲ್ಲ, ಗುಡ್ಡ ಏರುವ ಕೆಲಸವಿಲ್ಲ. ಆದರೆ ಇದೂ ಸಂರಕ್ಷಿತ ಸ್ಮಾರಕವೇ, ನಿಯಮ ಇಲ್ಲಿಗೂ ಅನ್ವಯಿಸುತ್ತದೆ.

ಕೊಪ್ಪಳದ ಎಂಜಿನಿಯರ್

ಆನೆಗೊಂದಿ ಹತ್ತಿರದ ಅಂಜನಾದ್ರಿ ಬೆಟ್ಟದ ಮೇಲಿನಿಂದ ಸೂರ್ಯೋದಯದಲ್ಲಿ ತೆಗೆದ ಚಿತ್ರಗಳು ಅದ್ಭುತವಾಗಿ ಬರುತ್ತವೆ. ನಿಧಾನವಾಗಿ ಹತ್ತಿದರೆ ಆಗದೇ?

ರಾಯಚೂರಿನ ಶುಶ್ರೂಷಕಿ

575 ಮೆಟ್ಟಿಲುಗಳನ್ನು ಏಳು ತಿಂಗಳ ಬಸುರಿ ಕತ್ತಲಲ್ಲಿ ಹತ್ತಬೇಕೆಂದು ಹೇಳುತ್ತಿದ್ದೀರಾ ಸರ್? ದಯವಿಟ್ಟು ಇಂಥ ಸಲಹೆ ಕೊಡಬೇಡಿ. ಈ ತಿಂಗಳುಗಳಲ್ಲಿ ದೇಹದ ತೂಕ ಮುಂದಕ್ಕೆ ವಾಲಿರುತ್ತದೆ, ಕೀಲುಗಳು ಸಡಿಲವಾಗಿರುತ್ತವೆ, ಕಾಲಿನ ಕೆಳಗಿನ ಮೆಟ್ಟಿಲು ಹೊಟ್ಟೆಯ ಮರೆಯಲ್ಲಿ ಕಾಣುವುದೇ ಇಲ್ಲ. ಹತ್ತುವುದಕ್ಕಿಂತ ಇಳಿಯುವುದು ಇನ್ನೂ ಅಪಾಯ.

ಗಂಗಾವತಿಯ ಛಾಯಾಗ್ರಾಹಕ

ಹೊಳೆಯ ಬಗ್ಗೆಯೂ ಸೇರಿಸುತ್ತೇನೆ. ಸಾಣಾಪುರದ ಕಡೆ ಹರಿಗೋಲಿನಲ್ಲಿ ಕೂರಿಸಿ ತೆಗೆಯಿರಿ, ನೀರಿನಲ್ಲಿ ಮೊಣಕಾಲವರೆಗೆ ನಿಲ್ಲಿಸಿ ತೆಗೆಯಿರಿ ಎಂದು ಕೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ತುಂಗಭದ್ರೆಯಲ್ಲಿ ಮೊಸಳೆಗಳಿವೆ, ಬಂಡೆಗಳ ಮೇಲೆ ಪಾಚಿ ಇರುತ್ತದೆ, ಮೇಲೆ ಶಾಂತವಾಗಿ ಕಾಣುವ ನೀರಿಗೆ ಒಳಗೆ ಸೆಳೆತ ಇರುತ್ತದೆ. ದಂಡೆಯಿಂದ ಹಿಂದೆ, ಗಟ್ಟಿ ನೆಲದ ಮೇಲೆ ನಿಲ್ಲಿಸಿ ನೀರನ್ನು ಹಿನ್ನೆಲೆಯಾಗಿ ತರಲು ಬರುತ್ತದೆ. ಉದ್ದ ಲೆನ್ಸ್ ಇರುವುದೇ ಅದಕ್ಕೆ.

ಸಿಂಧನೂರಿನ ರೈತ

ನಮ್ಮ ಮನೆಯವರ ಚಿತ್ರಗಳನ್ನು ಭತ್ತದ ಗದ್ದೆಯ ಬದುವಿನ ಮೇಲೆ ತೆಗೆಸಿದ್ದೆವು. ಕಾಲುವೆಗೆ ನೀರು ಬಿಟ್ಟು ಎರಡನೆಯ ಬೆಳೆ ಹಾಕಿದ ವರ್ಷ ಮಾರ್ಚಿನಲ್ಲಿಯೂ ಕಣ್ಣು ಹಾಯುವವರೆಗೆ ಹಸಿರು ಇರುತ್ತದೆ. ಇದಕ್ಕಿಂತ ಚೆಂದದ ಹಿನ್ನೆಲೆ ಬೇಡ. ಆದರೆ ಗದ್ದೆಯವರನ್ನು ಮೊದಲು ಕೇಳಿಕೊಳ್ಳಿ, ಅದರಲ್ಲಿಯೂ ಔಷಧಿ ಯಾವಾಗ ಹೊಡೆದಿದ್ದಾರೆ ಎಂದು ತಪ್ಪದೆ ಕೇಳಿ. ಗಂಗಾವತಿ, ಕಾರಟಗಿ, ಸಿಂಧನೂರು ಭಾಗದಲ್ಲಿ ಭತ್ತಕ್ಕೆ ಕೀಟನಾಶಕ ಹೊಡೆಯುವುದು ಹೆಚ್ಚು. ಹೊಸದಾಗಿ ಹೊಡೆದ ಗದ್ದೆಯ ಹತ್ತಿರವೂ ಬಸುರಿ ಸುಳಿಯಬಾರದು, ಪಕ್ಕದ ಗದ್ದೆಯಲ್ಲಿ ಹೊಡೆಯುತ್ತಿದ್ದರೂ ಗಾಳಿಗೆ ಬರುತ್ತದೆ. ಬದು ಒದ್ದೆಯಾಗಿದ್ದರೆ ಜಾರುತ್ತದೆ, ಆದ್ದರಿಂದ ಬಂಡಿದಾರಿ ಅಗಲವಾಗಿರುವ ಕಡೆ ನಿಲ್ಲುವುದು ಕ್ಷೇಮ.

ಗಂಡಂದಿರಿಗೆ ಒಂದು ಮಾತು. ಆ ದಿನ ನಮ್ಮ ಕೆಲಸ ಚಿತ್ರದಲ್ಲಿ ನಿಲ್ಲುವುದಷ್ಟೇ ಅಲ್ಲ. ಮಡಚುವ ಕುರ್ಚಿ, ಛತ್ರಿ, ನೀರು, ಮಜ್ಜಿಗೆ, ಶೇಂಗಾ ಉಂಡಿ ಎಲ್ಲವನ್ನೂ ನಾವೇ ನೆನಪಿನಿಂದ ಹೊತ್ತುಕೊಳ್ಳಬೇಕು. ಅವಳು ಸಾಕು ಎಂದ ತಕ್ಷಣ ಸಾಕು, ಇನ್ನೊಂದೇ ಒಂದು ಎಂದು ಒತ್ತಾಯಿಸಬಾರದು.

ಯಲಬುರ್ಗಾದ ಟೇಲರ್ ಅಕ್ಕ

ಉಡುಪಿನ ಬಗ್ಗೆ ಇನ್ನೂ ಯಾರೂ ಬರೆದಿಲ್ಲವಾದ್ದರಿಂದ ಹೇಳುತ್ತೇನೆ. ಬಾಡಿಗೆಯ ಉದ್ದ ಗೌನುಗಳನ್ನು ನೋಡಿ ಮರುಳಾಗುವ ಮೊದಲು ನಿಮ್ಮ ಕುಬುಸದ ಇಳಕಲ್ ಸೀರೆಯನ್ನೇ ಯೋಚಿಸಿ. ಅದರ ಕೆಂಪು ಸೆರಗು, ಅದರ ಮೇಲಿನ ಬಿಳಿಯ ತೋಪುತೆನೆ ವಿನ್ಯಾಸ, ಅಂಚಿನ ಗೋಮಿ ವಿನ್ಯಾಸ ಚಿತ್ರದಲ್ಲಿ ಎದ್ದು ಕಾಣುತ್ತವೆ. ಸೆರಗನ್ನು ಪಿನ್ ಮಾಡಿ ಮಡಿಸದೆ ಹೆಗಲ ಮೇಲಿಂದ ಬಿಡಿಸಿ ಬಿಡಬೇಕು, ಆಗಲೇ ತೆನೆ ಕಾಣುವುದು. ಹೊಟ್ಟೆಯ ಆಕಾರ ಕಾಣಬೇಕೆಂದರೆ ನೆರಿಗೆಯನ್ನು ಹೊಟ್ಟೆಯ ಕೆಳಗೆ ಕಟ್ಟಿ ಸೆರಗನ್ನು ಹೊಟ್ಟೆಯ ಮೇಲೆ ಒಂದೇ ಪದರವಾಗಿ ಎಳೆದರೆ ಸಾಕು, ಮೈ ಬಿಡುವ ಅಗತ್ಯವೇ ಬೀಳುವುದಿಲ್ಲ.

ಲಂಗದ ಲಾಡಿಯನ್ನು ಬಿಗಿಯಾಗಿ ಕಟ್ಟಬೇಡಿ. ಅಗಲವಾದ ಎಲಾಸ್ಟಿಕ್ ಪಟ್ಟಿಯ ಲಂಗ ಹೊಲಿಸಿಕೊಂಡರೆ ಸೊಂಟಕ್ಕೆ ಬರೆ ಬೀಳುವುದಿಲ್ಲ, ಚಿತ್ರದಲ್ಲಿ ಗಂಟೂ ಕಾಣುವುದಿಲ್ಲ. ಗುಳೇದಗುಡ್ಡದ ಖಣದ ಬಟ್ಟೆ ಹಿಗ್ಗುವುದಿಲ್ಲ. ಆದ್ದರಿಂದ ಖಣದ ಕುಬುಸ (ರವಿಕೆ) ಹೊಲಿಸುವಾಗ ಎರಡೂ ಪಕ್ಕಕ್ಕೆ ಒಳಗೆ ಹೆಚ್ಚು ಬಟ್ಟೆ ಬಿಡಿಸಿ, ಮುಂದೆ ಹುಕ್ಕು ಇಡಿಸಿ. ಬಾಣಂತನದಲ್ಲಿ ಹಾಲೂಡಿಸುವಾಗಲೂ ಅದೇ ಉಪಯೋಗಕ್ಕೆ ಬರುತ್ತದೆ.

ಬಳ್ಳಾರಿಯ ಕೌಲ್ ಬಜಾರಿನ ತಾಯಿ

ಬಳೆಯ ಅಳತೆಯನ್ನೂ ನೋಡಿಕೊಳ್ಳಿ. ಏಳನೆಯ ತಿಂಗಳಲ್ಲಿ ಕೈ ಊದಿರುತ್ತದೆ, ಮದುವೆಯ ಅಳತೆಯ ಗಾಜಿನ ಬಳೆಯನ್ನು ಒತ್ತಿ ಏರಿಸಲು ಹೋದರೆ ಒಡೆದು ಕೈ ಕೊಯ್ಯುತ್ತದೆ. ಒಂದು ಅಳತೆ ದೊಡ್ಡದನ್ನೇ ಬಳೆಗಾರರಿಂದ ಇಡಿಸಿಕೊಳ್ಳಿ. ಉಂಗುರ ಬಿಗಿಯಾಗುತ್ತಿದ್ದರೆ ಈಗಲೇ ತೆಗೆದಿಡಿ.

ರಾಯಚೂರಿನ ಶುಶ್ರೂಷಕಿ

ಊತದ ಮಾತು ಬಂದದ್ದು ಒಳ್ಳೆಯದಾಯಿತು. ಸಂಜೆ ಪಾದ ಸ್ವಲ್ಪ ಊದುವುದು ಸಾಮಾನ್ಯ. ಮುಖ ಮತ್ತು ಕೈ ಇದ್ದಕ್ಕಿದ್ದಂತೆ ಊದಿ, ಜೊತೆಗೆ ತಲೆನೋವು, ಕಣ್ಣು ಮಂಜಾಗುವುದು ಇದ್ದರೆ ಅದು ರಕ್ತದೊತ್ತಡದ ಸೂಚನೆ. ಅಂದು ಶೂಟ್ ಇದ್ದರೂ ಬಿಟ್ಟು ಆಸ್ಪತ್ರೆಗೆ ಹೋಗಬೇಕು. ನೀರು ಹೋದರೆ, ರಕ್ತ ಕಂಡರೆ, ಕೂಸಿನ ಚಲನೆ ಕಡಿಮೆಯಾದರೆ ಒಂದು ಗಳಿಗೆಯೂ ಕಾಯಬಾರದು. 108ಕ್ಕೆ ಕರೆ ಮಾಡಿ. ಹೊರಗೆ ಹೋಗುವವರು ತಾಯಿ ಕಾರ್ಡನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು.

ಅಲಂಕಾರದ ಬಗ್ಗೆ: ಅಪ್ಪಟ ಮದರಂಗಿ ಎಲೆಯ ಮೆಹಂದಿಯಿಂದ ತೊಂದರೆಯಿಲ್ಲ. ಬೇಗ ಕಪ್ಪಾಗುತ್ತದೆ ಎಂದು ಮಾರುವ ಕಪ್ಪು ಮೆಹಂದಿಯಲ್ಲಿ ಕೂದಲ ಬಣ್ಣದ ರಾಸಾಯನಿಕ ಬೆರೆತಿರುತ್ತದೆ, ಅದು ಚರ್ಮವನ್ನು ಸುಟ್ಟಂತೆ ಮಾಡಬಲ್ಲದು. ಮುಖ ಬೆಳ್ಳಗಾಗಿಸುವ ಹೆಸರಿಲ್ಲದ ಕ್ರೀಮುಗಳನ್ನೂ ರೆಟಿನಾಲ್ ಇರುವ ಕ್ರೀಮುಗಳನ್ನೂ ಬಳಸಬೇಡಿ. ಬಣ್ಣದ ಹೊಗೆ ಬಿಡುವ ಡಬ್ಬಿಗಳನ್ನು ಬಸುರಿಯ ಹತ್ತಿರ ಹಚ್ಚಲೇಬಾರದು.

ಸಂಡೂರಿನ ಸೊಸೆ

ನಮ್ಮಲ್ಲಿ ಲಂಬಾಣಿ ಕಸೂತಿಯ ದುಪ್ಪಟ್ಟಾ ಹೊದ್ದು ತೆಗೆಸಿದ್ದೆ, ಬಹಳ ಚೆಂದ ಬಂದಿದೆ. ಕನ್ನಡಿ ಕೆಲಸ ಬೆಳಗಿನ ಬಿಸಿಲಿಗೆ ಹೊಳೆಯುತ್ತದೆ. ಪಕ್ಕದಲ್ಲಿ ಒಂದು ಕಲಘಟಗಿಯ ಬಣ್ಣದ ತೊಟ್ಟಿಲನ್ನೂ ಇಟ್ಟರೆ ಇನ್ನೂ ಶೋಭೆ.

ಕುಷ್ಟಗಿಯ ಹಿರಿಯಳು

ದುಪ್ಪಟ್ಟಾ ಇರಲಿ, ಖಾಲಿ ತೊಟ್ಟಿಲು ಮಾತ್ರ ಬೇಡ ತಾಯಿ. ಕೂಸು ಹುಟ್ಟುವ ಮೊದಲು ಬರಿದಾದ ತೊಟ್ಟಿಲನ್ನು ಮುಂದೆ ಇಟ್ಟುಕೊಂಡು ಕೂರುವುದನ್ನು ನಮ್ಮ ಕಡೆ ಯಾವ ಹಿರಿಯರೂ ಒಪ್ಪುವುದಿಲ್ಲ.

ಸಂಡೂರಿನ ಸೊಸೆ

ಇದು ಬರೀ ನಂಬಿಕೆಯಲ್ಲವೇ ಅಮ್ಮಾವರೆ? ನಮ್ಮ ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ.

ಲಿಂಗಸುಗೂರಿನಿಂದ

ಅಕ್ಕಾ, ನಂಬಿಕೆ ಇರಲಿ ಬಿಡಲಿ, ನನ್ನಂಥವರಿಗೆ ಖಾಲಿ ತೊಟ್ಟಿಲು ನೋಡುವುದು ಕಷ್ಟ. ನನ್ನ ಮೊದಲ ಬಸಿರು ಆರನೆಯ ತಿಂಗಳಲ್ಲಿ ಹೋಯಿತು. ಎರಡನೆಯ ಸಲ ಚಿತ್ರ ತೆಗೆಸಬೇಕೆಂದು ಆಸೆಯೂ ಇತ್ತು, ಅಂಜಿಕೆಯೂ ಇತ್ತು. ನಮ್ಮ ಫೋಟೋಗ್ರಾಫರ್ ಹೆಣ್ಣುಮಗಳು. ಮೊದಲ ದಿನವೇ ನನ್ನನ್ನು ಕೂರಿಸಿಕೊಂಡು ಯಾವ ವಸ್ತು ಬೇಡ, ಯಾವ ಮಾತು ಬೇಡ ಎಂದು ಕೇಳಿ ಬರೆದುಕೊಂಡರು. ಸಣ್ಣ ಬೂಟು, ಕೂಸಿನ ಅಂಗಿ, ತೊಟ್ಟಿಲು ಯಾವುದೂ ಬೇಡವೆಂದೆ. ನಾನು, ನನ್ನ ಗಂಡ, ನಮ್ಮ ಪಡಸಾಲೆ, ಕಿಟಕಿಯ ಬೆಳಕು, ಇಷ್ಟೇ. ಆ ಚಿತ್ರಗಳಲ್ಲಿ ನಾನು ನಗುತ್ತಿದ್ದೇನೆ. ಚಿತ್ರ ತೆಗೆಯುವವರು ಈ ಪ್ರಶ್ನೆಗಳನ್ನು ಎಲ್ಲರಿಗೂ ಕೇಳಬೇಕು, ಯಾಕೆಂದರೆ ಯಾರ ಮನಸ್ಸಿನಲ್ಲಿ ಏನಿದೆ ಎಂಬುದು ಹೊರಗೆ ಕಾಣುವುದಿಲ್ಲ.

ಸಂಡೂರಿನ ಸೊಸೆ

ನಿಮ್ಮ ಮಾತು ಅರ್ಥವಾಯಿತು ತಂಗಿ. ತೊಟ್ಟಿಲಿನ ಸಲಹೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಬಳ್ಳಾರಿಯ ವಕೀಲೆ

ವಸ್ತುಗಳ ಮಾತು ಬಂದಿರುವುದರಿಂದ ಕಾನೂನಿನ ವಿಷಯವನ್ನೂ ತಿಳಿಸಬೇಕು. ಹೊರದೇಶದ ವಿಡಿಯೋಗಳನ್ನು ನೋಡಿ ನೀಲಿ ಪುಡಿ ಅಥವಾ ಗುಲಾಬಿ ಪುಡಿ ಹಾರಿಸಿ ಹುಟ್ಟುವ ಕೂಸು ಗಂಡೋ ಹೆಣ್ಣೋ ಎಂದು ಘೋಷಿಸುವ ಚಿತ್ರಗಳನ್ನು ಕೇಳುವವರಿದ್ದಾರೆ. ನಮ್ಮ ದೇಶದಲ್ಲಿ 1994ರ ಕಾಯಿದೆಯ ಪ್ರಕಾರ ಭ್ರೂಣದ ಲಿಂಗ ಪತ್ತೆ ಮಾಡುವುದೂ ಅದನ್ನು ಮಾತಿನಿಂದಾಗಲಿ, ಸನ್ನೆಯಿಂದಾಗಲಿ ತಿಳಿಸುವುದೂ ಅಪರಾಧ, ಮೊದಲ ಸಲಕ್ಕೇ ಮೂರು ವರ್ಷಗಳವರೆಗೆ ಸೆರೆ ಮತ್ತು ದಂಡವಿದೆ. ಸುಮ್ಮನೆ ಊಹೆಯ ಆಟವೆಂದು ಅಂಥ ಚಿತ್ರ ಹಾಕಿದರೂ ಅನಗತ್ಯ ವಿಚಾರಣೆಗೆ ದಾರಿಯಾಗಬಹುದು. ನಮ್ಮ ಭಾಗದಲ್ಲಿ ಹೆಣ್ಣು ಕೂಸೆಂದರೆ ಇನ್ನೂ ಮುಖ ಸಣ್ಣ ಮಾಡುವವರು ಇರುವಾಗ ಅಂಥ ಆಟವನ್ನು ನಾವೇ ಮನೆಯೊಳಗೆ ತರಬಾರದು.

ಸ್ಕ್ಯಾನ್ ಚಿತ್ರವನ್ನು ಕೈಯಲ್ಲಿ ಹಿಡಿದು ತೆಗೆಸುವವರು ಅದರ ಮೇಲಿರುವ ಹೆಸರು, ನೋಂದಣಿ ಸಂಖ್ಯೆ, ಆಸ್ಪತ್ರೆಯ ವಿವರಗಳನ್ನು ಮುಚ್ಚಿಕೊಳ್ಳಿ.

ಕಾರಟಗಿಯ ಎರಡು ಮಕ್ಕಳ ತಾಯಿ

ಮೂರು ವರ್ಷದ ಮಗನನ್ನೂ ಸೇರಿಸಿಕೊಂಡು ಎರಡನೆಯ ಸಲ ತೆಗೆಸಿದೆ. ಮೊದಲ ಮಗು ಇರುವವರು ಅದರ ಚಿತ್ರಗಳನ್ನು ಎಲ್ಲಕ್ಕಿಂತ ಮೊದಲು ತೆಗೆಸಿಬಿಡಿ, ಅರ್ಧ ಗಂಟೆಯ ನಂತರ ಯಾವ ಮಗುವೂ ನಿಲ್ಲುವುದಿಲ್ಲ. ಮಗನನ್ನು ಎತ್ತಿಕೊಂಡು ನಿಲ್ಲುವಂತೆ ಹೇಳಿದಾಗ ನಾನು ಒಪ್ಪಲಿಲ್ಲ. ಕುರ್ಚಿಯಲ್ಲಿ ಕುಳಿತೆ, ಅವನು ಪಕ್ಕದಲ್ಲಿ ನಿಂತು ಹೊಟ್ಟೆಗೆ ಕಿವಿ ಇಟ್ಟ. ಕೈಯಲ್ಲಿ ಕಿನ್ನಾಳದ ಬಣ್ಣದ ಗೊಂಬೆ ಕೊಟ್ಟಿದ್ದೆವು, ಅದು ಅವನನ್ನು ಸುಮ್ಮನಿರಿಸಿತು, ಚಿತ್ರಕ್ಕೂ ಒಪ್ಪಿತು.

ಇನ್ನೊಂದು ವಿಷಯ. ಕುಬುಸದ ದಿನವೇ ಶೂಟ್ ಇಟ್ಟುಕೊಂಡರೆ ಒಂದೇ ಅಲಂಕಾರದಲ್ಲಿ ಎರಡೂ ಮುಗಿಯುತ್ತದೆಯಲ್ಲವೇ? ನಾನು ಹಾಗೆಯೇ ಮಾಡಿದೆ.

ಬಳ್ಳಾರಿಯ ಕೌಲ್ ಬಜಾರಿನ ತಾಯಿ

ಇದಕ್ಕೆ ನನ್ನ ಸಹಮತವಿಲ್ಲ ಅಕ್ಕಾವರೆ. ಕುಬುಸದ ದಿನ ಬೆಳಗಿನಿಂದ ಬಂದವರ ಕಾಲಿಗೆ ನಮಸ್ಕಾರ, ಉಡಿ ತುಂಬುವುದು, ಆರತಿ, ಊಟ ಎಂದು ಕೂತು ಎದ್ದು ಸಾಕಾಗಿರುತ್ತದೆ. ಆ ಮೇಲೆ ಮುಖದಲ್ಲಿ ನಗೆ ತರಿಸುವುದು ಹೇಗೆ?

ಕಾರಟಗಿಯ ಎರಡು ಮಕ್ಕಳ ತಾಯಿ

ಕಾರ್ಯ ಮುಗಿದ ಮೇಲಲ್ಲ, ಶುರುವಾಗುವ ಮೊದಲು. ಬೆಳಿಗ್ಗೆ ಏಳಕ್ಕೆ ಸೀರೆ ಉಡಿಸಿ ಹೂವಿನ ದಂಡೆ ಕಟ್ಟಿದ ಕೂಡಲೇ ಒಂದು ತಾಸು ಚಿತ್ರ ತೆಗೆಸಿದೆವು, ಹತ್ತಕ್ಕೆ ಬಳಗ ಬಂದಿತು. ಹೂವು ಬಾಡಿರಲಿಲ್ಲ, ನಾನೂ ದಣಿದಿರಲಿಲ್ಲ.

ಗಂಗಾವತಿಯ ಛಾಯಾಗ್ರಾಹಕ

ಇಬ್ಬರ ಮಾತಿನಲ್ಲಿಯೂ ಹುರುಳಿದೆ. ಎರಡು ಮನೆಗಳಲ್ಲಿ ಎರಡೂ ರೀತಿ ನೋಡಿದ್ದೇನೆ. ಕಾರ್ಯದ ಮನೆಯಲ್ಲಿ ಅಡುಗೆಯವರು, ಪೆಂಡಾಲಿನವರು, ನೆಂಟರು ನಸುಕಿನಲ್ಲಿಯೇ ಬಂದು ಸೇರಿದರೆ ಒಂದು ಖಾಲಿ ಕೋಣೆ ಸಿಗುವುದೂ ಕಷ್ಟ. ಮನೆ ದೊಡ್ಡದಿದ್ದು, ಒಂದು ಕೋಣೆಯನ್ನು ಬಾಗಿಲು ಹಾಕಿ ಬಿಟ್ಟುಕೊಡುವುದಾದರೆ ಅದೇ ದಿನ ಆಗುತ್ತದೆ. ಇಲ್ಲವಾದರೆ ಹಿಂದಿನ ದಿನ ಬೇಡ, ಎರಡು ಮೂರು ದಿನ ಕಳೆದು ಇಟ್ಟುಕೊಳ್ಳಿ. ಕೈಯಲ್ಲಿ ಹಸಿರು ಬಳೆಯೂ ಮೆಹಂದಿಯ ಬಣ್ಣವೂ ಆಗಲೂ ಇರುತ್ತವೆ.

ಭಾಗ್ಯನಗರದವಳು (ಕೊಪ್ಪಳ)

ನಿನ್ನೆ ಸಂಜೆ ಅತ್ತೆಯವರ ಜೊತೆ ಮಾತಾಡಿದೆ. ಮೊದಲು ಸುಮ್ಮನಿದ್ದರು. ಚಿತ್ರಗಳನ್ನು ಕೂಸು ತೊಟ್ಟಿಲಿಗೆ ಬರುವವರೆಗೆ ಎಲ್ಲಿಯೂ ಹಾಕುವುದಿಲ್ಲ, ನೀವೂ ಜೊತೆಗೆ ನಿಲ್ಲಬೇಕು ಎಂದಾಗ ತಮ್ಮ ಪೆಟ್ಟಿಗೆಯಿಂದ ಹಳೆಯ ಇಳಕಲ್ ಸೀರೆ ತೆಗೆದು ಇದನ್ನು ಉಡುತ್ತೀಯಾ ಎಂದು ಕೇಳಿದರು. ಅವರ ಕುಬುಸದ ಸೀರೆಯಂತೆ ಅದು. ನಮ್ಮ ಮನೆಯವರೂ ಆನೆಗೊಂದಿಯನ್ನು ಬಿಡಲು ಒಪ್ಪಿದ್ದಾರೆ. ಕೂಸಿಗೆ ಒಂದು ವರ್ಷ ತುಂಬಿದ ಮೇಲೆ ಎಲ್ಲರೂ ಕೂಡಿ ಹೋಗೋಣವೆಂದು ಹೇಳಿದ್ದಾರೆ. ಕುಬುಸ ಕಳೆದ ಮೂರನೆಯ ದಿನ ಬೆಳಿಗ್ಗೆ, ತವರು ಮನೆಯ ಪಡಸಾಲೆಯಲ್ಲಿ ಎಂದು ನಿರ್ಧರಿಸಿದ್ದೇವೆ. ವೈದ್ಯರನ್ನು ಸೋಮವಾರ ಕಾಣುತ್ತೇನೆ.

ಈಗ ಎರಡು ಪ್ರಶ್ನೆಗಳು ಉಳಿದಿವೆ. ಪಡಸಾಲೆಯ ಕಿಟಕಿ ಮೂಡಲಿಗಿಲ್ಲ, ಬಡಗಲಿಗಿದೆ. ತೊಂದರೆಯೇ? ಮತ್ತು ಆ ಹಳೆಯ ಸೀರೆಗೆ ಹೊಂದುವ ಖಣದ ಕುಬುಸಕ್ಕೆ ಈಗಲೇ ಅಳತೆ ಕೊಡಬಹುದೇ?

ಗಂಗಾವತಿಯ ಛಾಯಾಗ್ರಾಹಕ

ಬಡಗಲ ಕಿಟಕಿ ಇನ್ನೂ ಒಳ್ಳೆಯದು ತಂಗಿ. ಮಾರ್ಚಿನಲ್ಲಿ ಅದರಿಂದ ನೇರ ಬಿಸಿಲು ಒಳಗೆ ಬೀಳುವುದಿಲ್ಲ, ಬೆಳಕು ಬಹಳ ಹೊತ್ತು ಒಂದೇ ಸಮನಾಗಿರುತ್ತದೆ. ಆದ್ದರಿಂದ ನಸುಕಿನಲ್ಲಿ ಏಳುವ ಅವಸರವೂ ಬೇಡ. ತಿಂಡಿ ತಿಂದು, ಎಂಟೂವರೆ ಒಂಬತ್ತಕ್ಕೆ ಆರಂಭಿಸಿದರೆ ಸಾಕು. ಕಿಟಕಿಯ ಎದುರಿನ ಗೋಡೆಯಲ್ಲಿ ಕ್ಯಾಲೆಂಡರ್, ಗಡಿಯಾರ ಇದ್ದರೆ ಹಿಂದಿನ ದಿನವೇ ಇಳಿಸಿಡಿ. ಹಳೆಯ ಸೀರೆಯನ್ನು ಒಮ್ಮೆ ನೆರಳಿನಲ್ಲಿ ಹರವಿ ನೋಡಿ, ಮಡಿಕೆಯಲ್ಲಿ ನೂಲು ಬಿಟ್ಟುಕೊಂಡಿದ್ದರೆ ಆ ಭಾಗವನ್ನು ನೆರಿಗೆಯೊಳಗೆ ಸೇರಿಸಿ ಉಡಬೇಕಾಗುತ್ತದೆ.

ಯಲಬುರ್ಗಾದ ಟೇಲರ್ ಅಕ್ಕ

ಈಗ ಅಳತೆ ಕೊಡಬೇಡ ತಂಗಿ, ಎರಡು ವಾರಗಳಲ್ಲಿ ಎದೆಯ ಸುತ್ತಳತೆ ಬದಲಾಗುತ್ತದೆ. ಬಟ್ಟೆಯನ್ನು ಈಗಲೇ ಕೊಟ್ಟು ನೀರಿಗೆ ಹಾಕಿಸಿಡು, ಖಣ ಒಮ್ಮೆ ನೀರು ಕಂಡರೆ ಸ್ವಲ್ಪ ಕುಗ್ಗುತ್ತದೆ. ಅಳತೆಯನ್ನು 27ನೆಯ ವಾರದ ಕೊನೆಗೆ ಕೊಡು. ತೋಳನ್ನೂ ಹೊಸದಾಗಿ ಅಳೆಯಲು ಹೇಳು, ಎಲ್ಲರೂ ಅದನ್ನು ಹಳೆಯ ಕುಬುಸ ನೋಡಿಯೇ ಹೊಲಿದುಬಿಡುತ್ತಾರೆ. ಹೊಲಿದ ಮೇಲೆ ಹಾಕಿಕೊಂಡು ಎರಡೂ ಕೈ ಮೇಲೆತ್ತಿ, ಕುಳಿತು, ಎದ್ದು ನೋಡಿ ತೆಗೆದುಕೊಂಡು ಬಾ.